ಮನೆಯ ಮುಂದಿನ ರಸ್ತೆ ಯಾರದು?

ಅಣುವ್ರತಗಳ ವಿಚಾರ ಬಂದಾಗ ಅಂಗಡಿಯ ತಕ್ಕಡಿ, ಲೆಕ್ಕದ ಪುಸ್ತಕ, ಬಡ್ಡಿಯ ವ್ಯವಹಾರ ಇವುಗಳನ್ನೇ ಉದಾಹರಿಸುವುದು ರೂಢಿ. ಆದರೆ ನಗರವಾಸಿಯಾದ ಗೃಹಸ್ಥನ ವ್ರತಗಳು ದಿನನಿತ್ಯ ಪರೀಕ್ಷೆಗೆ ಒಳಗಾಗುವ ಸ್ಥಳ ಇನ್ನೊಂದುಂಟು. ಅದು ಗೇಟಿನಿಂದ ಹೊರಗೆ ಕಾಲಿಟ್ಟೊಡನೆ ಸಿಗುವ ರಸ್ತೆ. ಅಲ್ಲಿ ಕಾರು ನಿಲ್ಲಿಸುವ ವಿಷಯಕ್ಕೆ ನಡೆಯುವ ಜಗಳಗಳನ್ನು ಕ್ಷುಲ್ಲಕವೆಂದು ತಳ್ಳಿಹಾಕುವಂತಿಲ್ಲ. ಹತ್ತಾರು ವರ್ಷ ಹಬ್ಬದ ಸಿಹಿ ಹಂಚಿಕೊಂಡ ಮನೆಗಳು ಇಂದು ಮುಖ ತಿರುಗಿಸಿಕೊಂಡಿರುವುದಕ್ಕೆ ಅನೇಕ ಕಡೆ ಇದೇ ಕಾರಣ.

ಬೆಂಗಳೂರನ್ನೇ ತೆಗೆದುಕೊಳ್ಳೋಣ. ಅಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ಮೀರಿದೆ. ಹಳೆಯ ಬಡಾವಣೆಗಳ ಅಡ್ಡರಸ್ತೆಗಳಾದರೋ ಸೈಕಲ್ಲು, ಸ್ಕೂಟರುಗಳ ಕಾಲದವು. 20 ಅಡಿ ಅಗಲದ ರಸ್ತೆಯಲ್ಲಿ ಸುಮಾರು 6 ಅಡಿ ಅಗಲದ ಕಾರುಗಳು ಎರಡೂ ಬದಿಗೆ ನಿಂತರೆ ಉಳಿಯುವುದು 8 ಅಡಿ. ಅಗ್ನಿಶಾಮಕ ವಾಹನದ ಅಗಲವೇ ಹೆಚ್ಚುಕಡಿಮೆ ಅಷ್ಟು. ಇದರ ಜೊತೆಗೆ, ನಕ್ಷೆಯಲ್ಲಿ ಕಾರಿಗೆಂದು ತೋರಿಸಿದ ನೆಲಮಹಡಿಯ ಸ್ಥಳವು ಎಷ್ಟೋ ಕಡೆ ಬಾಡಿಗೆಯ ಮಳಿಗೆಯಾಗಿದೆ, ಇಲ್ಲವೇ ಬಾಡಿಗೆಯ ಕೋಣೆಯಾಗಿದೆ. ಬಾಡಿಗೆ ಮಾಲೀಕನ ಜೇಬಿಗೆ, ಕಾರು ಬೀದಿಗೆ!

ಜಗಳದ ಸ್ವರೂಪ ಎಲ್ಲರಿಗೂ ಪರಿಚಿತ. ಮನೆಯ ಯಜಮಾನರು ಗೋಡೆಯ ಮುಂದೆ ಹೂಕುಂಡ, ಕಲ್ಲು, ಹಳೆಯ ಟೈರುಗಳನ್ನಿಟ್ಟು, ಇಲ್ಲಿ ವಾಹನ ನಿಲ್ಲಿಸಿದರೆ ಗಾಳಿ ತೆಗೆಯಲಾಗುವುದೆಂದು ಫಲಕ ಹಾಕುತ್ತಾರೆ. ಬಂದವನು ಕಲ್ಲು ಸರಿಸಿ, ಕಾರು ನಿಲ್ಲಿಸಿ ನಡೆಯುತ್ತಾನೆ. "ಇದು ನಮ್ಮ ಮನೆ ಮುಂದಿನ ಜಾಗ" ಎಂದರೆ, "ರಸ್ತೆಯೇನು ನಿಮ್ಮಪ್ಪನದೇ?" ಎಂಬ ಉತ್ತರ ಬರುತ್ತದೆ. ಮರುದಿನ ಟೈರಿನ ಗಾಳಿ ಇಳಿದಿರುತ್ತದೆ. ಬಾಗಿಲ ಮೇಲೆ ಮೊಳೆಯ ಗೀರು ಬಿದ್ದಿರುತ್ತದೆ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಸಾರ್ವಜನಿಕ ಸ್ಥಳದಲ್ಲಿ ಇತರರಿಗೆ ಅಪಾಯ, ಅಡಚಣೆ ಅಥವಾ ಅನುಚಿತ ತೊಂದರೆಯಾಗುವಂತೆ ವಾಹನ ಬಿಡಬಾರದೆಂದು 1988ರ ಮೋಟಾರು ವಾಹನಗಳ ಅಧಿನಿಯಮದ 122ನೆಯ ಕಲಮು ಹೇಳುತ್ತದೆ. ಸಾರ್ವಜನಿಕ ದಾರಿಗೆ ಅಡ್ಡಿಮಾಡಿದವನಿಗೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 285ನೆಯ ಕಲಮಿನಂತೆ 5,000 ರೂಪಾಯಿಯವರೆಗೆ ದಂಡವುಂಟು. ಗೇಟಿಗೆ ಅಡ್ಡವಾಗಿ ಕಾರು ನಿಲ್ಲಿಸಿದವನು ಇದರಿಂದ ತಪ್ಪಿತಸ್ಥ. ಆದರೆ ರಸ್ತೆಯಲ್ಲಿಟ್ಟ ಕಲ್ಲು ಸಹ ಅಡ್ಡಿಯೇ. ಮನೆಯವರಿಗೆ ಗೇಟಿನಿಂದ ಹೋಗಿಬರುವ ಹಕ್ಕಿದೆ. ಗೋಡೆಯುದ್ದದ ರಸ್ತೆಯ ಮೇಲೆ ಒಡೆತನವಿಲ್ಲ.

ಧರ್ಮದೃಷ್ಟಿಯು ಇನ್ನೂ ಆಳಕ್ಕೆ ಹೋಗುತ್ತದೆ. ಇಟ್ಟದ್ದು, ಬಿದ್ದದ್ದು, ಮರೆತದ್ದು, ಯಾವುದೇ ಆಗಲಿ, ಕೊಡದಿರುವ ಪರರ ವಸ್ತುವನ್ನು ತೆಗೆದುಕೊಳ್ಳದಿರುವುದೇ ಅಚೌರ್ಯಾಣುವ್ರತವೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ತಿಳಿಸಿದ್ದಾರೆ. ರಸ್ತೆ ಸಮಸ್ತರಿಗೂ ನಡೆದಾಡಲು ಕೊಟ್ಟದ್ದು. ಯಾವನೊಬ್ಬನಿಗೂ ತನ್ನದಾಗಿಸಿಕೊಳ್ಳಲು ಕೊಟ್ಟದ್ದಲ್ಲ. ಅಲ್ಲಿ ಕಲ್ಲಿಟ್ಟು ಕಾಯುವವನೂ, ಪರರ ದಾರಿ ಮುಚ್ಚಿ ಕಾರು ನಿಲ್ಲಿಸುವವನೂ ಕೊಡದಿರುವುದನ್ನೇ ತೆಗೆದುಕೊಳ್ಳುತ್ತಾರೆ. ರಾಜ್ಯದ ನಿಯಮವನ್ನು ಮೀರುವ ವಿರುದ್ಧರಾಜ್ಯಾತಿಕ್ರಮವನ್ನು ತತ್ತ್ವಾರ್ಥಸೂತ್ರವು ಇದೇ ವ್ರತದ ಅತಿಚಾರಗಳಲ್ಲಿ ಎಣಿಸಿರುವುದು ಗಮನಾರ್ಹ.

"ಮೂವತ್ತು ವರ್ಷದಿಂದ ಈ ಜಾಗ ಗುಡಿಸಿ, ನೀರು ಹಾಕಿ, ರಂಗೋಲಿ ಇಟ್ಟವರು ನಾವು; ನಮಗೆ ಹಕ್ಕಿಲ್ಲವೇ?" ಎಂದು ಕೇಳುವವರುಂಟು. ಅವರ ನೋವು ಸುಳ್ಳಲ್ಲ. ಆದರೆ ಗುಡಿಸಿದ್ದು ಸೇವೆ. ಅದಕ್ಕೆ ಪ್ರತಿಯಾಗಿ ಒಡೆತನ ಕೇಳಿದೊಡನೆ ಅದು ಕೂಲಿಯಾಗುತ್ತದೆ. ಪರಿಗ್ರಹವೆಂದರೆ ವಸ್ತುವಲ್ಲ, ಮೂರ್ಛೆ, ಎಂದರೆ ಮಮತ್ವ ಎಂಬುದು ಆಗಮದ ನಿರ್ಣಯ. ಹಾಗಾದರೆ ತನ್ನ ಖಾತೆಯಲ್ಲೇ ಇಲ್ಲದ ಹದಿಮೂರು ಅಡಿ ಡಾಂಬರಿಗಾಗಿ ರಾತ್ರಿ ನಿದ್ದೆ ಕೆಡಿಸಿಕೊಳ್ಳುವವನು, ಅಷ್ಟೇ ನೆಲವನ್ನು ಕ್ರಯಕ್ಕೆ ಪಡೆದು ನಿಶ್ಚಿಂತನಾಗಿರುವವನಿಗಿಂತ ಹೆಚ್ಚಿನ ಪರಿಗ್ರಹಿ.

ಕಾರಿನವರಿಗೂ ಒಂದು ಮಾತುಂಟು. ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳಲ್ಲಿ ಸಮಂತಭದ್ರಾಚಾರ್ಯರು ಮೊದಲು ಹೇಳುವುದು ಅತಿವಾಹನವನ್ನು. ಲೋಭದಿಂದ ಎತ್ತು ಮೊದಲಾದವುಗಳನ್ನು ಶಕ್ತಿ ಮೀರಿ ನಡೆಸುವುದು ಎಂದು ಇದಕ್ಕೆ ಅರ್ಥ ಹೇಳುವುದುಂಟು. ಅಗತ್ಯಕ್ಕಿಂತ ಹೆಚ್ಚು ವಾಹನಗಳನ್ನು ಇಟ್ಟುಕೊಳ್ಳುವುದು ಎಂದೂ ಅರ್ಥೈಸಿದ್ದಾರೆ. ಗೋದಾಮಿಲ್ಲದೆ ಸರಕು ತರಿಸಿ ಪಕ್ಕದ ಅಂಗಡಿಯ ಬಾಗಿಲಲ್ಲಿ ಇಳಿಸುವವನನ್ನು ಪೇಟೆಯಲ್ಲಿ ಯಾರೂ ಒಳ್ಳೆಯ ವ್ಯಾಪಾರಿ ಎನ್ನುವುದಿಲ್ಲ. ನಿಲ್ಲಿಸಲು ಸ್ಥಳವಿಲ್ಲದೆ ಎರಡನೆಯ ಕಾರು ಕೊಳ್ಳುವ ಗೃಹಸ್ಥನ ಲೆಕ್ಕವೂ ಹಾಗೆಯೇ. ಅದರ ಬೆಲೆಯ ಒಂದು ಭಾಗವನ್ನು ನೆರೆಯವನು ತೆರುತ್ತಿರುತ್ತಾನೆ.

ಇಷ್ಟಾದರೂ ಎಲ್ಲವೂ ನಿಯಮದಿಂದಲೇ ಬಗೆಹರಿಯುವುದಿಲ್ಲ. ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗಬೇಕಾದ ವೃದ್ಧರಿರುವ ಮನೆಯ ಮುಂದೆ, ನಿಯಮದಂತೆ ಗೇಟು ಬಿಟ್ಟು ಒಬ್ಬನು ಕಾರು ನಿಲ್ಲಿಸಿದನೆನ್ನೋಣ. ಕಾನೂನಿನಲ್ಲಿ ಅವನ ತಪ್ಪಿಲ್ಲ. ಆದರೂ ಆ ವೃದ್ಧರು ಬೀದಿಯ ಕೊನೆಯವರೆಗೆ ನಡೆಯಬೇಕಾಗುತ್ತದೆ. ಅನೇಕಾಂತವೆಂದರೆ ಇಬ್ಬರೂ ಸರಿ ಎಂದು ಕೈತೊಳೆದುಕೊಳ್ಳುವುದಲ್ಲ. ತನಗೆ ಬರಿದಾಗಿ ಕಾಣುವ ಜಾಗವು ಇನ್ನೊಬ್ಬನಿಗೆ ಹೇಗೆ ಕಾಣುತ್ತದೆಂದು ವಿಚಾರಿಸುವುದು. ಮನೆಯವರು ಕಲ್ಲಿನ ಬದಲು ಮಾತಿನಿಂದ ಕೇಳಬೇಕು. ಬಂದವನು ಕಾರಿನ ಗಾಜಿನಲ್ಲಿ ದೂರವಾಣಿ ಸಂಖ್ಯೆ ಇಟ್ಟು, ಕರೆದೊಡನೆ ಬಂದು ತೆಗೆಯಬೇಕು. ಹಕ್ಕಿಲ್ಲದವನು ವಿನಯದಿಂದ ಕೇಳುವುದು, ಹಕ್ಕಿರುವವನು ದಯೆಯಿಂದ ಬಿಡುವುದು, ಇವೆರಡೂ ಧರ್ಮವೇ.

ಬಸದಿಗಳ ಆಡಳಿತ ಮಂಡಳಿಗಳಿಗೆ ಈ ವಿಷಯ ಹೊರಗಿನದಲ್ಲ. ಮಹಾವೀರ ಜಯಂತಿಯಂದು, ಪಂಚಕಲ್ಯಾಣದಂತಹ ಉತ್ಸವಗಳಲ್ಲಿ ಒಳಗೆ ಅಹಿಂಸೆಯ ಪ್ರವಚನ ನಡೆಯುತ್ತಿರುವಾಗ ಹೊರಗೆ ನೆರೆಮನೆಯ ಗೇಟಿಗೆ ಅಡ್ಡವಾಗಿ ಭಕ್ತರ ಕಾರು ನಿಂತಿರಬಹುದು. ಪ್ರವಚನ ಕೇಳದ ಆ ನೆರೆಯವರು ಜೈನರ ಅಹಿಂಸೆಯನ್ನು ಅಳೆಯುವುದು ಆ ಗೇಟಿನಿಂದಲೇ. ಹತ್ತಿರದ ಶಾಲೆಯ ಮೈದಾನವನ್ನು ಆ ದಿನಕ್ಕೆ ಕೇಳಿ ಪಡೆಯುವುದು, ಆಮಂತ್ರಣ ಪತ್ರಿಕೆಯಲ್ಲಿ ವಾಹನ ನಿಲ್ಲಿಸುವ ಸ್ಥಳ ಮುದ್ರಿಸುವುದು, ಇಬ್ಬರು ಸ್ವಯಂಸೇವಕರನ್ನು ರಸ್ತೆಯಲ್ಲಿ ನಿಲ್ಲಿಸುವುದು, ಹಿಂದಿನ ದಿನವೇ ಅಕ್ಕಪಕ್ಕದವರಿಗೆ ತಿಳಿಸುವುದು, ಇವುಗಳಿಗೆ ತಗಲುವ ವೆಚ್ಚ ಪುಷ್ಪಾಲಂಕಾರದ ವೆಚ್ಚಕ್ಕಿಂತ ಹೆಚ್ಚಾಗಲಾರದು.

ದಶಲಕ್ಷಣ ಪರ್ವವು ಉತ್ತಮ ಕ್ಷಮೆಯಿಂದ ಆರಂಭವಾಗುತ್ತದೆ. ಬಳಿಕ ಕ್ಷಮಾವಾಣಿಯ ದಿನ ಬರುತ್ತದೆ. ಅಂದು ದೂರದ ಊರಿನ ಬಂಧುಗಳಿಗೆ ಕ್ಷಮಾಯಾಚನೆಯ ಸಂದೇಶಗಳು ಹೋಗುತ್ತವೆ. ಅವರಲ್ಲಿ ಬಹುಮಂದಿಗೆ ಯಾವ ಅಪರಾಧವೂ ಆಗಿರುವುದಿಲ್ಲ. ಟೈರಿನ ಗಾಳಿ ಕಳೆದುಕೊಂಡವನು ಎದುರುಮನೆಯಲ್ಲೇ ಇರುತ್ತಾನೆ. ಆ 20 ಅಡಿ ರಸ್ತೆಯನ್ನು ದಾಟಿ ಅವನ ಗೇಟು ತಟ್ಟಿದವನ ಕ್ಷಮಾವಾಣಿಯೇ ಸಾರ್ಥಕ.