ತಾತನ ಸೈಕಲ್ಲು ಯಾವುದು?

ಹೊಳವನಹಳ್ಳಿಯ ನಮ್ಮ ಕೊಟ್ಟಿಗೆಯಲ್ಲಿ ತುಕ್ಕು ಹಿಡಿದಿದ್ದ ತಾತನ ಹರ್ಕ್ಯುಲಿಸ್ ಸೈಕಲ್ಲನ್ನು ಈ ಬೇಸಿಗೆಯಲ್ಲಿ ರಿಪೇರಿ ಮಾಡಿಸಿದೆ. ರಿಮ್ಮು, ಕಡ್ಡಿ, ಚೈನು, ಸೀಟು ಎಲ್ಲ ಹೊಸವು. ರಾಡ್ ಬ್ರೇಕಿನ ಜಾಗಕ್ಕೆ ಕೇಬಲ್ ಬ್ರೇಕು. ಗೇರೂ ಹಾಕಿಸೋಣವೆಂದಿದ್ದೆ, ಸೈಕಲ್ ಶಾಪಿನವರು ನಕ್ಕುಬಿಟ್ಟರು. ಕೊನೆಗೆ ಉಳಿದ ಹಳೆಯದೆಂದರೆ ಫ್ರೇಮು ಮಾತ್ರ.

ಹಲಗೆಗಳನ್ನು ಒಂದೊಂದಾಗಿ ಬದಲಿಸಿದ ಮೇಲೂ ಥೀಸಿಯಸ್‌ನ ಹಡಗು ಅದೇ ಹಡಗೇ ಎಂಬ ಜಗಳವನ್ನು ಪ್ಲುಟಾರ್ಕ್ ಬರೆದಿಟ್ಟಿದ್ದಾನೆ. 17ನೇ ಶತಮಾನದಲ್ಲಿ ಥಾಮಸ್ ಹಾಬ್ಸ್ ಅದಕ್ಕೊಂದು ಕೊಕ್ಕೆ ಹಾಕಿದ: ತೆಗೆದ ಹಳೆ ಹಲಗೆಗಳನ್ನೇ ಜೋಡಿಸಿ ಇನ್ನೊಂದು ಹಡಗು ಕಟ್ಟಿದರೆ? ಪಿಎಚ್‌ಡಿಗೆಂದು ಓದುವಾಗ ಇದು ಬರೀ ಬುದ್ಧಿಯ ಕಸರತ್ತು ಅನ್ನಿಸಿತ್ತು.

ಹೋದ ವಾರ ಡೇರಿಯ ಮುಂದೆ ತಾತನ ಸೀಟು, ಬೆಲ್ಲು, ಕ್ಯಾರಿಯರ್ ಕಂಡೆ. ಶಾಪಿನವರು ಬೇರೊಂದು ಸೈಕಲ್ಲಿಗೆ ಕೂಡಿಸಿ, ಹಾಲು ಹಾಕುವ ಹುಡುಗನಿಗೆ ಮಾರಿದ್ದರು. ಬೇಡವೆಂದು ಬಿಟ್ಟುಬಂದಿದ್ದು ನಾನೇ. ಆದರೂ ಕಳವಾದಂತೆ ಹೊಟ್ಟೆ ಉರಿಯಿತು. ಆ ಉರಿಗೆ ನನಗೆ ಹಕ್ಕಿತ್ತೆ? ತಾತ ಅದೇ ಕ್ಯಾರಿಯರ್ ಮೇಲೆ ಕಡಲೆಕಾಯಿ ಮೂಟೆ ಕಟ್ಟಿ ಕೊರಟಗೆರೆಗೆ ತುಳಿಯುತ್ತಿದ್ದರು. ನಾನು ಸಂಜೆ ಗಾಳಿಗೆ ಹೋಗಿಬರುತ್ತೇನೆ. ಫ್ರೇಮು ನನ್ನ ಹತ್ತಿರ, ಕೆಲಸ ಅವನ ಹತ್ತಿರ.

ದುಡ್ಡು ಕೊಟ್ಟು ವಾಪಸು ಕೇಳಲೇ ಎಂದು ಅಪ್ಪನನ್ನು ಕೇಳಿದೆ.

"ಅದಿನ್ನೂ ಹೊರೆ ಹೊರ್ತೈತೆ, ಬಿಡು" ಅಂದರು.

ಹುಡುಗ ದಿನಾ ಬೆಳಿಗ್ಗೆ ನಮ್ಮ ಮನೆ ಮುಂದೆಯೇ ಹೋಗುತ್ತಾನೆ. ಬೆಲ್ಲು ಕೇಳಿದಾಗ ಅಪ್ಪ ಒಮ್ಮೆ ಬಾಗಿಲ ಕಡೆ ನೋಡುತ್ತಾರೆ.