ತೂಗುಕುಂಡದಲ್ಲಿ ಪರಿಗ್ರಹ

ಘಾಟ್‌ಕೋಪರ್, ಮುಲುಂದ್ ಕಡೆಯ ಉಡುಪಿ ಹೋಟೆಲಿನಲ್ಲಿ ಕೂತರೆ ಮೆನುವಿನಲ್ಲಿ ‘ಜೈನ್ ಪಾವ್‌ಭಾಜಿ’ ಕಣ್ಣಿಗೆ ಬೀಳುತ್ತದೆ. ಬಟಾಟೆ, ಈರುಳ್ಳಿ, ಬೆಳ್ಳುಳ್ಳಿ ಮೂರೂ ಇಲ್ಲ. ಬಟಾಟೆಯ ಜಾಗಕ್ಕೆ ಬಾಳೆಕಾಯಿ. ಮಾಲೀಕರು ಕುಂದಾಪುರದವರೋ ಕಾರ್ಕಳದವರೋ ಇರಬಹುದು, ಆದರೂ ಆರ್ಡರ್ ತೆಗೆದುಕೊಳ್ಳುವ ಹುಡುಗ ‘ಜೈನ್ ಯಾ ರೆಗ್ಯುಲರ್?’ ಎಂದು ಕೇಳಲು ಮರೆಯುವುದಿಲ್ಲ. ಗಲ್ಲಾದ ಪಕ್ಕದ ಬಾಟಲಿಯಲ್ಲಿ ಮನಿಪ್ಲಾಂಟೊಂದು ಬರೀ ನೀರಿನಲ್ಲೇ ಬೇರು ಬಿಟ್ಟು ಲಕ್ಷ್ಮಿಯ ಫೋಟೊದ ಕಟ್ಟಿಗೆ ಹಬ್ಬಿಕೊಂಡಿರುತ್ತದೆ. ಬಟಾಟೆಯನ್ನು ತಟ್ಟೆಯಿಂದ ದೂರ ಇಟ್ಟ ವಿಚಾರಕ್ಕೂ ಈ ಬಾಟಲಿಯ ಬಳ್ಳಿಗೂ ನಂಟಿದೆ. ಒಂದು ಗಿಡದಲ್ಲಿರುವ ಜೀವ ಒಂದೋ ಹಲವೋ? ಅದನ್ನು ‘ನನ್ನದು’ ಎಂದು ಇಟ್ಟುಕೊಳ್ಳುವುದೆಂದರೆ ಏನು?

ಪ್ರಶ್ನೆ ಹಳೆಯದು, ಈಚೆಗೆ ಅದಕ್ಕೆ ಬೆಲೆಯ ಚೀಟಿಯೂ ಅಂಟಿದೆ. ಲಾಕ್‌ಡೌನಿನಲ್ಲಿ ಜನ ಮನೆಯೊಳಗೇ ಉಳಿದಾಗ ಅಪರೂಪದ ಬಳ್ಳಿಗಳ ಹುಚ್ಚು ದೇಶದೇಶಗಳಿಗೆ ಹಬ್ಬಿತು. 2021ರ ಜೂನ್‌ನಲ್ಲಿ ನ್ಯೂಜಿಲ್ಯಾಂಡಿನ ಹರಾಜಿನಲ್ಲಿ ಒಂಬತ್ತು ಎಲೆಗಳ ಒಂದು ರಾಫಿಡೊಫೊರಾ ಟೆಟ್ರಾಸ್ಪರ್ಮಾ ಬಳ್ಳಿ 27,100 ನ್ಯೂಜಿಲ್ಯಾಂಡ್ ಡಾಲರಿಗೆ ಹೋಯಿತು. ಆಗಿನ ಲೆಕ್ಕದಲ್ಲಿ ಸುಮಾರು 14 ಲಕ್ಷ ರೂಪಾಯಿ; ಎಲೆಯೊಂದಕ್ಕೆ ಒಂದೂವರೆ ಲಕ್ಷ! ದಕ್ಷಿಣ ಥಾಯ್ಲೆಂಡ್, ಮಲೇಶಿಯಾದ ಕಾಡುಗಳ ಈ ಬಳ್ಳಿ ಹಸಿರಾಗಿದ್ದರೆ ಇದರ ಒಂದಂಶವೂ ಬರುತ್ತಿರಲಿಲ್ಲ. ಆ ಒಂಬತ್ತು ಎಲೆಗಳ ಮೇಲೆ ಬಿಳಿ ಇತ್ತು.

ಮುಂಬಯಿಯಲ್ಲೂ ಬಿಳಿ ಮಚ್ಚೆಯ ಮಾನ್‌ಸ್ಟೆರಾ, ಫಿಲೊಡೆಂಡ್ರಾನ್‌ಗಳು ಗೆಣ್ಣಿನ ಲೆಕ್ಕದಲ್ಲಿ ಕೈ ಬದಲಾಯಿಸುತ್ತವೆ: ಒಂದು ಗೆಣ್ಣು, ಒಂದು ಎಲೆ, ಒಂದು ದರ. ಈ ಊರಿನ ಹವೆ ಇವಕ್ಕೆ ಹಿಡಿಸುತ್ತದೆ. ಜುಲೈಯಲ್ಲಿ ಗಾಳಿಯ ತೇವಾಂಶ ಶೇ. 80ನ್ನು ದಾಟುತ್ತದೆ, ಬೇರೆ ಊರಿನವರು ಯಂತ್ರ ಇಟ್ಟು ಒದಗಿಸುವುದು ಇಲ್ಲಿ ಪುಕ್ಕಟೆ. ತಾಪತ್ರಯವೆಲ್ಲ ಬೆಳಕಿನದು. ಎದುರಿಗೆ ಇನ್ನೊಂದು ಟವರ್ ಎದ್ದ ಮೇಲೆ ಕಿಟಕಿಯ ಗ್ರಿಲ್ಲಿಗೆ ಬರುವ ಬಿಸಿಲು ಗಂಟೆಗಳಲ್ಲಿ ಅಳೆಯುವಷ್ಟೇ. ನೇರ ಬಿದ್ದರೆ ಸುಡುತ್ತದೆ, ಒಳಗೆ ಸರಿಸಿದರೆ ಏಸಿಯ ಒಣಗಾಳಿ ಹೊಡೆಯುತ್ತದೆ.

ಆ ಬಿಳಿಯನ್ನು ಹತ್ತಿರದಿಂದ ನೋಡಬೇಕು. ಎಲೆಯನ್ನು ಬೆಳಕಿಗೆ ಹಿಡಿದರೆ ಬಿಳಿಯ ಭಾಗದ ಹಿಂದೆ ಬೆರಳಿನ ನೆರಳು ಕಾಣುತ್ತದೆ, ಹಸಿರಿನ ಹಿಂದೆ ಕಾಣುವುದಿಲ್ಲ. ಕಂದುಗಟ್ಟಿ ಒಣಗಲು ಶುರುವಾಗುವುದೂ ಬಿಳಿಯ ಅಂಚಿನಿಂದಲೇ. ಅಲ್ಲಿ ಪತ್ರಹರಿತ್ತು ಇಲ್ಲ, ಅಂದರೆ ಅಡುಗೆಯಿಲ್ಲ. ಬಿಳಿ ಉಣ್ಣುವುದು ಹಸಿರಿನ ದುಡಿಮೆಯನ್ನು. ಪೂರಾ ಬಿಳಿಯಾದ ತುಂಡನ್ನು ನೆಟ್ಟರೆ ಬೇರೊಡೆದರೂ ಹೆಚ್ಚು ದಿನ ಬಾಳದು. ಬಳ್ಳಿಯೂ ತನ್ನ ದಾರಿ ಹುಡುಕುತ್ತದೆ. ಆಗೊಮ್ಮೆ ಈಗೊಮ್ಮೆ ಅಪ್ಪಟ ಹಸಿರಿನ ಚಿಗುರೊಂದು ಹೊರಡುತ್ತದೆ, ಬಿಳಿಯ ಕವಲನ್ನು ಹಿಂದೆ ಹಾಕಿ ಸರಸರನೆ ಬೆಳೆಯುತ್ತದೆ. ಆಗ ಮನೆಯ ಯಜಮಾನ ಕತ್ತರಿ ತರುತ್ತಾನೆ. ಆ ಚಿಗುರನ್ನು ಬಿಟ್ಟರೆ ಬಳ್ಳಿಗೆ ಲಾಭ, ಬೆಲೆಗೆ ನಷ್ಟ. ಗಿಡ ಗಟ್ಟಿಯಾಗುವ ದಾರಿಯನ್ನೇ ಚಿವುಟಿ ಅದರ ಅಪರೂಪವನ್ನು ಕಾಪಾಡುವ ಈ ಕೆಲಸಕ್ಕೆ ಸಾಕುವುದು ಎನ್ನಬೇಕೋ, ಕೂಡಿಡುವುದು ಎನ್ನಬೇಕೋ?

ಗಿಡಗಳ ಬಗ್ಗೆ ಇಂಥ ಪ್ರಶ್ನೆಗಳನ್ನು ಜೈನರಷ್ಟು ಪಟ್ಟುಹಿಡಿದು ಕೇಳಿದವರು ಕಡಿಮೆ. ಅವರ ಲೆಕ್ಕದಲ್ಲಿ ಗಿಡ ಏಕೇಂದ್ರಿಯ ಜೀವಿ: ಸ್ಪರ್ಶವೊಂದೇ ಅದರ ಇಂದ್ರಿಯ. ಅದಕ್ಕೆ ನಾಲ್ಕು ಪ್ರಾಣಗಳು: ಸ್ಪರ್ಶ, ಕಾಯಬಲ, ಉಸಿರು, ಆಯುಸ್ಸು. ಹತ್ತನೆಯ ಶತಮಾನದಲ್ಲಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿ ‘ಗೊಮ್ಮಟಸಾರ’ದ ಜೀವಕಾಂಡದಲ್ಲಿ ಇನ್ನೂ ಒಳಹೊಕ್ಕರು. ಒಂದು ಒಡಲಿಗೆ ಒಂದೇ ಜೀವವಿರುವ ಗಿಡ ಒಂದು ಬಗೆ, ಒಂದೇ ಒಡಲನ್ನು ಎಣಿಸಲಾಗದಷ್ಟು ಜೀವಗಳು ಹಂಚಿಕೊಂಡಿರುವುದು ಇನ್ನೊಂದು ಬಗೆ. ಎರಡನೆಯದನ್ನು ಗುರುತಿಸಲು ಅವರು ಕೊಡುವ ಚಹರೆಗಳು ತೋಟಗಾರನಿಗೂ ಗೊತ್ತಿರುವಂಥವು: ನರ, ಸಂದು, ಗೆಣ್ಣು ಹೊರಗೆ ಕಾಣುವುದಿಲ್ಲ, ಮುರಿದರೆ ಎಳೆ ಬಾರದೆ ಸಮನಾಗಿ ಮುರಿಯುತ್ತದೆ, ಕತ್ತರಿಸಿದರೂ ಮತ್ತೆ ಬೆಳೆಯುತ್ತದೆ. ಗೆಡ್ಡೆಗಳು ಜೈನರ ತಟ್ಟೆಗೆ ಬಾರದಿರುವುದಕ್ಕೆ ಈ ಬಗೆಯ ವಿಂಗಡಣೆಯೇ ಆಧಾರ. ಮನಿಪ್ಲಾಂಟನ್ನು ಈ ಪರೀಕ್ಷೆಗೆ ಕೂರಿಸಿದರೆ ತೊಡಕು. ಗೆಣ್ಣು ಎದ್ದು ಕಾಣುತ್ತದೆ, ಆದರೆ ಕತ್ತರಿಸಿದ ತುಂಡು ಬದುಕುತ್ತದೆ. ತೀರ್ಪನ್ನು ಪಂಡಿತರಿಗೆ ಬಿಡುವುದೇ ಕ್ಷೇಮ.

ಆದರೆ ಕತ್ತರಿಸಿದರೆ ಬೆಳೆಯುವ ಜೀವ ಒಂದೋ ಎರಡೋ ಎಂಬುದು ಬರೀ ಪಂಡಿತರ ಕಾಲಹರಣವಲ್ಲ. ಮನಿಪ್ಲಾಂಟಿನ ತವರು ಪೆಸಿಫಿಕ್ ಸಾಗರದ ಮೊರೆಯಾ ದ್ವೀಪ. ಅದು ಹೂ ಬಿಡುವುದೇ ಇಲ್ಲ ಎನ್ನಬಹುದು. ತಾನಾಗಿ ಹೂಬಿಟ್ಟದ್ದು 1964ರಲ್ಲಿ ದಾಖಲಾದದ್ದೇ ಕೊನೆ. ಹೂವಿಗೆ ಬೇಕಾದ ಜಿಬ್ಬರೆಲಿನ್ ಎಂಬ ಹಾರ್ಮೋನನ್ನು ತಯಾರಿಸುವ ಜೀನ್ ಅದರಲ್ಲಿ ಕೆಲಸ ಮಾಡುವುದಿಲ್ಲವೆಂದು 2016ರಲ್ಲಿ ವಿಜ್ಞಾನಿಗಳು ಕಂಡುಕೊಂಡರು. ಹೂವಿಲ್ಲ, ಬೀಜವಿಲ್ಲ, ಹಾಗಾಗಿ ಮನೆಮನೆಯ ಮನಿಪ್ಲಾಂಟುಗಳೆಲ್ಲ ತುಂಡಿನ ತುಂಡಿನ ತುಂಡುಗಳು. ಚೆಂಬೂರಿನ ಬಾಲ್ಕನಿಯಲ್ಲಿರುವುದೂ ಧಾರವಾಡದ ಜಗಲಿಯಲ್ಲಿರುವುದೂ ಬೇರೆಬೇರೆ ಗಿಡಗಳೇ, ಅಥವಾ ಒಂದೇ ಗಿಡದ ದೂರದೂರದ ಕೊಂಬೆಗಳೇ?

ಇದಕ್ಕೆ ತದ್ವಿರುದ್ಧವಾದದ್ದು ಹೋಯಾ ಕೆರಿಯ ಎಲೆ. ಪ್ರೇಮಿಗಳ ದಿನ ಬಂತೆಂದರೆ ಹೃದಯದ ಆಕಾರದ ಒಂದೇ ಒಂದು ದಪ್ಪ ಎಲೆ ಪುಟ್ಟ ಕುಂಡದಲ್ಲಿ ಮಾರಾಟಕ್ಕೆ ಬರುತ್ತದೆ. ಅದು ಬೇರು ಬಿಡುತ್ತದೆ, ವರ್ಷಗಟ್ಟಲೆ ಹಸಿರಾಗಿರುತ್ತದೆ, ಆದರೆ ಬಳ್ಳಿಯಾಗುವುದಿಲ್ಲ. ಕಾಂಡದ ಗೆಣ್ಣು ಜೊತೆಗೆ ಬಂದಿಲ್ಲದಿದ್ದರೆ ಮುಂದಿನ ಎಲೆಗೆ ಮೊಗ್ಗೇ ಇಲ್ಲ. ಸ್ಪರ್ಶ, ಬಲ, ಉಸಿರು, ಆಯುಸ್ಸು ನಾಲ್ಕೂ ಇವೆ, ಮುಂದುವರಿಕೆ ಇಲ್ಲ. ಮಾರುವವರು ಇದನ್ನು ಹೇಳುವುದಿಲ್ಲ, ಕೊಳ್ಳುವವರು ಕೇಳುವುದೂ ಇಲ್ಲ.

ನೇಮಿಚಂದ್ರರ ಶಿಷ್ಯ ಚಾವುಂಡರಾಯ. ಗಿಡದ ಜೀವವನ್ನು ಇಷ್ಟು ಸೂಕ್ಷ್ಮವಾಗಿ ವಿಂಗಡಿಸಿದ ಗುರುವಿನ ಕಾಲದಲ್ಲೇ ಶ್ರವಣಬೆಳಗೊಳದ ಬೆಟ್ಟದ ಮೇಲೆ ಶಿಷ್ಯ ನಿಲ್ಲಿಸಿದ ಮೂರ್ತಿಯ ಮೈಮೇಲೆ ಬಳ್ಳಿ ಹಬ್ಬಿದೆ. 981ರದೆಂದು ಹೇಳುವ ಗೊಮ್ಮಟನ ತೊಡೆಗಳನ್ನು ಸುತ್ತಿ, ತೋಳುಗಳವರೆಗೆ ಏರಿದ ಮಾಧವಿ ಬಳ್ಳಿಯ ಎಲೆಗಳನ್ನು ಶಿಲ್ಪಿ ಬಿಡಿಬಿಡಿಯಾಗಿ ಕಂಡರಿಸಿದ್ದಾನೆ. ಮುಂಬಯಿಯವರು ಬೆಳಗೊಳದವರೆಗೆ ಹೋಗಬೇಕೆಂದಿಲ್ಲ. ಬೊರಿವಲಿಯಲ್ಲಿ ರಾಷ್ಟ್ರೀಯ ಉದ್ಯಾನದ ಮಗ್ಗುಲಿಗೆ ಇರುವ ಪೋದನಪುರದ ತ್ರಿಮೂರ್ತಿ ಮಂದಿರದಲ್ಲಿ ಆದಿನಾಥ, ಭರತರ ಜೊತೆ ಬಾಹುಬಲಿಯೂ ನಿಂತಿದ್ದಾನೆ. ಅವನು ಬಳ್ಳಿಯನ್ನು ಕರೆಯಲಿಲ್ಲ, ಕಿತ್ತೆಸೆಯಲಿಲ್ಲ. ಬಾದಾಮಿಯ ಜೈನ ಗುಹೆಯ ಬಾಹುಬಲಿಯ ಇಕ್ಕೆಲಗಳಲ್ಲಿ ಹೆಂಗಸರಿದ್ದಾರೆ. ಪುರಾಣದ ಪ್ರಕಾರ ಆ ವಿದ್ಯಾಧರಿಯರು ಮುನಿಯ ಮೈಮೇಲಿನ ಬಳ್ಳಿಗಳನ್ನು ಬಿಡಿಸಲು ಬಂದವರು. ಬಳ್ಳಿಯನ್ನು ಬಿಡಿಸುವ ಕೆಲಸ ಮುನಿಯದಲ್ಲ, ಬೇರೆಯವರದು.

ಹಾಗಾದರೆ ಬಳ್ಳಿ ನಿಷ್ಪಾಪಿಯೇ? ಜೈನರು ಅದಕ್ಕೂ ವಿನಾಯಿತಿ ಕೊಡುವುದಿಲ್ಲ. ಆಹಾರ, ಭಯ, ಮೈಥುನ, ಪರಿಗ್ರಹ ಎಂಬ ನಾಲ್ಕು ಸಹಜ ತುಡಿತಗಳು ಏಕೇಂದ್ರಿಯಕ್ಕೂ ಇವೆ ಎನ್ನುತ್ತಾರೆ. ಹಿಡಿದದ್ದನ್ನು ಬಿಡದ ಗುಣ ಗಿಡಕ್ಕೂ ಇದೆ. ಗೋಡೆಯ ಬಣ್ಣಕ್ಕೆ ಅಂಟಿಕೊಂಡ ಮನಿಪ್ಲಾಂಟನ್ನು ಎಳೆದವರಿಗೆ ಇದು ಗೊತ್ತು: ಬಳ್ಳಿ ಬರುತ್ತದೆ, ಬೇರಿನ ಕಂದು ಗುರುತು ಸುಣ್ಣದ ಮೇಲೆ ಉಳಿಯುತ್ತದೆ.

ಋತುಮಾನವೂ ಇಲ್ಲಿ ಒಂದು ಚೋದ್ಯ ಮಾಡಿದೆ. ಮಳೆಗಾಲದ ನಾಲ್ಕು ತಿಂಗಳು ಜೈನ ಮುನಿಗಳು ಸಂಚಾರ ನಿಲ್ಲಿಸಿ ಒಂದೇ ಊರಿನಲ್ಲಿ ಉಳಿಯುತ್ತಾರೆ. ನೆಲದ ತುಂಬ ಮೊಳಕೆ, ಹುಳು, ಕಾಲಿಟ್ಟಲ್ಲೆಲ್ಲ ಹಿಂಸೆ. ಪರ್ಯೂಷಣದ ದಿನಗಳಲ್ಲಿ ಘಾಟ್‌ಕೋಪರಿನ ಎಷ್ಟೋ ಮನೆಗಳ ಒಲೆಗೆ ಹಸಿರು ತರಕಾರಿ ಏರುವುದಿಲ್ಲ. ಮುಂಬಯಿಯ ಬಳ್ಳಿಪ್ರಿಯರು ಬ್ಲೇಡನ್ನು ಸ್ಪಿರಿಟ್‌ನಲ್ಲಿ ಒರೆಸಿ ಗೆಣ್ಣಿನ ಕೆಳಗೆ ಕತ್ತರಿಸಲು ಕೂರುವುದೂ ಇದೇ ತಿಂಗಳುಗಳಲ್ಲಿ, ಏಕೆಂದರೆ ತುಂಡು ಬೇಗ ಬೇರೊಡೆಯುವುದು ಆಗಲೇ. ಎರಡೂ ಒಂದೇ ಮನೆಯಲ್ಲಿ ನಡೆದರೆ ಆಶ್ಚರ್ಯವಿಲ್ಲ.

ಗೃಹಸ್ಥನಿಗೆ ಮುನಿಯ ವ್ರತ ಹೇಳಿದ್ದಲ್ಲ. ಅವನಿಗೆ ಇರುವುದು ಪರಿಗ್ರಹ ಪರಿಮಾಣ: ಇಷ್ಟಕ್ಕಿಂತ ಹೆಚ್ಚು ಬೇಡವೆಂದು ತಾನೇ ಗೆರೆ ಎಳೆದುಕೊಳ್ಳುವುದು. ‘ತತ್ತ್ವಾರ್ಥಸೂತ್ರ’ದ ಪ್ರಕಾರ ಪರಿಗ್ರಹ ಇರುವುದು ವಸ್ತುವಿನಲ್ಲಲ್ಲ, ಅದಕ್ಕೆ ಮನಸ್ಸು ಅಂಟುವುದರಲ್ಲಿ. ಹಾಗೆ ನೋಡಿದರೆ ಕುಂಡಗಳನ್ನು ಎಣಿಸಿ ಪ್ರಯೋಜನವಿಲ್ಲ. ಎರಡು ಮಾತು ಕೇಳಿದರೆ ಸಾಕು: ಹಸಿರು ಚಿಗುರು ಬಂದಾಗ ಅದನ್ನು ಬೆಳೆಯಲು ಬಿಡುವ ಮನಸ್ಸಿದೆಯೇ? ಪಕ್ಕದ ಮನೆಯವರು ಒಂದು ತುಂಡು ಕೇಳಿದರೆ ಕೈ ಮುಂದೆ ಬರುತ್ತದೆಯೇ? ಕೊಟ್ಟರೂ ಕೊಟ್ಟವನ ಬಳಿ ಕಡಿಮೆಯಾಗದ ಸೊತ್ತುಗಳು ಮನೆಯಲ್ಲಿ ಹೆಚ್ಚಿಲ್ಲ, ಬಳ್ಳಿ ಅವುಗಳಲ್ಲೊಂದು. ಕಡಿಮೆಯಾಗುವುದು ಅದರ ಅಪರೂಪ ಮಾತ್ರ. ಟಿಶ್ಯೂ ಕಲ್ಚರ್ ಪ್ರಯೋಗಾಲಯಗಳು ಬಿಳಿ ಮಚ್ಚೆಯ ಮಾನ್‌ಸ್ಟೆರಾಗಳನ್ನು ರಾಶಿರಾಶಿ ಬೆಳೆಸಿದ ಮೇಲೆ ಬೆಲೆ ಬಿದ್ದಿತು. ದುಡ್ಡು ಹಾಕಿದವರು ಗೊಣಗಿದರು. ಎಲೆಗಳು ಇದ್ದ ಹಾಗೇ ಇದ್ದವು. ಕದ್ದು ತಂದ ಮನಿಪ್ಲಾಂಟೇ ಚೆನ್ನಾಗಿ ಹಬ್ಬುತ್ತದೆಂಬ ನಂಬಿಕೆಯೊಂದಿದೆ. ಅಚೌರ್ಯದ ವ್ರತಕ್ಕೆ ಅದು ನೇರ ಕುಂದು, ಆದರೂ ಕೇಳಿದರೆ ಕೊಡದವರ ಮನೆಯಲ್ಲೇ ಆ ನಂಬಿಕೆ ಹುಟ್ಟಿರಬೇಕು.

ಸಂತೆಯ ಅಪರೂಪ ಬೇರೆ, ಬೆಟ್ಟದ ಅಪರೂಪ ಬೇರೆ. ನರ್ಸರಿಗಳಲ್ಲಿ ‘ಸ್ಟ್ರಿಂಗ್ ಆಫ್ ಹಾರ್ಟ್ಸ್’ ಎಂದು ಸಿಗುವ, ಪುಟ್ಟ ಹೃದಯಗಳನ್ನು ದಾರದಲ್ಲಿ ಪೋಣಿಸಿದಂತೆ ಇಳಿಬೀಳುವ ಬಳ್ಳಿ ಸೆರೊಪೀಜಿಯ ವುಡಿಯೈ. 1881ರಲ್ಲಿ ದಕ್ಷಿಣ ಆಫ್ರಿಕದ ನಟಾಲ್‌ನಲ್ಲಿ ಜಾನ್ ಮೆಡ್ಲಿ ವುಡ್ ಕಣ್ಣಿಗೆ ಬಿದ್ದದ್ದು, ಈಗ ಅಂಧೇರಿಯ ಡ್ರಾಯಿಂಗ್ ರೂಮುಗಳಲ್ಲಿ ತೂಗುತ್ತಿದೆ. ಅದೇ ಕುಲದ ಹಲವು ಜಾತಿಗಳಿಗೆ ಸಹ್ಯಾದ್ರಿಯ ಬಂಡೆ, ಬಯಲು, ಕೋಟೆಗಳ ಇಳಿಜಾರು ಬಿಟ್ಟರೆ ಜಗತ್ತಿನಲ್ಲಿ ಬೇರೆ ನೆಲೆಯಿಲ್ಲ. ಮರಾಠಿಯಲ್ಲಿ ಅವಕ್ಕೆ ಕಂದಿಲಪುಷ್ಪ ಎನ್ನುತ್ತಾರೆ. ಲಾಟೀನಿನ ಹಾಗಿರುವ ಹೂವಿನ ಕೊಳವೆಯೊಳಗೆ ಇಳಿದ ಪುಟ್ಟ ನೊಣವನ್ನು ಕೆಳಮುಖದ ಕೂದಲುಗಳು ಹೊರಬಿಡುವುದಿಲ್ಲ. ಕೂದಲು ಬಾಡಿದ ಮೇಲೆ ನೊಣ ಪರಾಗ ಹೊತ್ತು ಹೊರಬೀಳುತ್ತದೆ. ಇವುಗಳ ಗೆಡ್ಡೆಯನ್ನು ದನ ಕಾಯುವವರು ಅಗೆದು ತಿನ್ನುವುದುಂಟು. ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿ ಸಸ್ಯವಿಜ್ಞಾನಿ ಎಸ್.ಆರ್. ಯಾದವ್ ಮತ್ತು ಸಂಗಡಿಗರು ಇವನ್ನು ಬೆಳೆಸಿ ಮತ್ತೆ ಬೆಟ್ಟಕ್ಕೆ ಒಯ್ದು ನೆಡುವ ಕೆಲಸ ಮಾಡಿದ್ದಾರೆ. ಕಿಟಕಿಯಲ್ಲಿ ತೂಗಿಸಿ ಮೆರೆಸಲು ಇವು ಒದಗುವುದಿಲ್ಲ. ಮಳೆ ಬಿದ್ದಾಗ ಚಿಗುರಿ, ಹೂ ಮುಗಿಸಿ, ಮಳೆ ನಿಂತ ಮೇಲೆ ನೆಲದೊಳಗೆ ಸೇರಿಕೊಳ್ಳುತ್ತವೆ. ಬಾಕಿ ತಿಂಗಳುಗಳಲ್ಲಿ ಕುಂಡದಲ್ಲಿ ಇರುವುದು ಮಣ್ಣು ಮಾತ್ರ. ಏನೂ ಕಾಣುತ್ತಿಲ್ಲವೆಂದು ನೀರು ಹೊಯ್ದರೆ ಗೆಡ್ಡೆ ಕೊಳೆಯುತ್ತದೆ.