ಅರಿವಿಲ್ಲದ ದಯೆ

ಜೀವದಯೆಗೆ ಶರಣರು ಕೊಟ್ಟ ಹಿರಿಮೆಯನ್ನು ನಮ್ಮ ಸದ್ಭಕ್ತರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಆದರೆ ಒಳ್ಳೆಯದನ್ನು ಮಾಡಹೊರಟ ಕೈಯೇ ತಿಳಿಯದೆ ಜೀವಹಾನಿಗೆ ಕಾರಣವಾಗಬಹುದೆ? ಆದರೆ ಆ ದೋಷವು ಯಾರದು? ಈ ಪ್ರಶ್ನೆಯು ನನಗೆ ಗ್ರಂಥಾವಲೋಕನದಿಂದ ಹುಟ್ಟಿದುದಲ್ಲ. ಭಟ್ಕಳದ ಬಳಿಯ ಒಂದು ಬೋಳುಗುಡ್ಡದ ಮೇಲೆ ಹುಟ್ಟಿತು.

ಭಟ್ಕಳ, ಹೊನ್ನಾವರ, ಕುಮಟೆಗಳ ಕರಾವಳಿಯಲ್ಲಿ ಘಟ್ಟಕ್ಕೂ ಕಡಲಿಗೂ ನಡುವೆ ನೆತ್ತಿ ಚಪ್ಪಟೆಯಾದ ಕೆಂಪುಕಲ್ಲಿನ ಗುಡ್ಡಗಳಿವೆ. ಬೇಸಗೆಯಲ್ಲಿ ಕಂಡವರು ಅದನ್ನು ಸುಟ್ಟ ಹೆಂಚಿನಂತಹ ಬಂಜರೆಂದೇ ಬಗೆಯುವರು. ವರ್ಷಕ್ಕೆ 3,000 ಮಿ.ಮೀ.ಗೂ ಮಿಕ್ಕು ಮಳೆ ಸುರಿಯುವ ಸೀಮೆಯದು. ಜೂನ್ ತಿಂಗಳಲ್ಲಿ ಮಳೆ ಹಿಡಿದೊಡನೆ ಕಲ್ಲಿನ ಕುಳಿಗಳಲ್ಲಿ ನೀರು ನಿಲ್ಲುತ್ತದೆ. ಅಂಗುಲದಷ್ಟೂ ಆಳವಿಲ್ಲದ ಮಣ್ಣಿನಲ್ಲಿ ಹಸಿರು ಮೂಡುತ್ತದೆ. ಮಳೆ ತುಸು ಇಳಿದಾಗ ಗುಡ್ಡದ ನೆತ್ತಿಯೆಲ್ಲ ಹೂವಾಗುತ್ತದೆ. ಬಿಳಿಯ ಗುಂಡಿಯಂತಹ ತಲೆಯನ್ನೆತ್ತಿ ನಿಲ್ಲುವ ಎರಿಯೊಕಾಲನ್, ನೇರಿಳೆ ಬಣ್ಣದ ಯುಟ್ರಿಕ್ಯುಲೇರಿಯ, ಕೂದಲ ತುದಿಯಲ್ಲಿ ಅಂಟುಹನಿಯನ್ನು ಹೊತ್ತ ಡ್ರಾಸೆರ ಇವು ಅಲ್ಲಿಯ ನಿವಾಸಿಗಳು. ಆ ಮಣ್ಣಿನಲ್ಲಿ ಸತ್ತ್ವವು ಅತ್ಯಲ್ಪ. ಆದುದರಿಂದ ಯುಟ್ರಿಕ್ಯುಲೇರಿಯವು ಕೆಸರಿನೊಳಗೆ ಸಾಸಿವೆಗಿಂತಲೂ ಸಣ್ಣ ಚೀಲಗಳನ್ನಿಟ್ಟು ಸೂಕ್ಷ್ಮಜೀವಿಗಳನ್ನು ಹಿಡಿದು ಬದುಕುತ್ತದೆ. ಈ ಕುಲಗಳಲ್ಲಿ ಪಶ್ಚಿಮಘಟ್ಟದ ಸೀಮೆಯನ್ನು ಬಿಟ್ಟರೆ ಲೋಕದಲ್ಲಿ ಬೇರೆಲ್ಲಿಯೂ ಇಲ್ಲದ ಜಾತಿಗಳೂ ಉಂಟು. ಮಳೆಗಾಲವು ಮುಗಿಯುತ್ತಲೆ ಗಿಡಗಳು ಒಣಗಿ, ಬೀಜವು ಆ ತೆಳುಮಣ್ಣಿನಲ್ಲಿ ಮುಂದಿನ ಮಳೆಗಾಗಿ ಕಾದಿರುತ್ತದೆ. ನಾವು ಬಂಜರೆಂದುದು ಬೀಜಗಳ ತೊಟ್ಟಿಲು.

ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ನಾನು ಆ ಸೀಮೆಯ ಶಾಲೆಯೊಂದರಲ್ಲಿ ಉಪಾಧ್ಯಾಯನಾಗಿದ್ದೆನು. ವನಮಹೋತ್ಸವದ ದಿನ ಮಕ್ಕಳನ್ನು ಕರೆದೊಯ್ದು, ಅಂತಹ ಒಂದು ಗುಡ್ಡದ ಮೇಲೆ ಗುಂಡಿ ತೋಡಿಸಿ ಅಕೇಶಿಯಾ ಸಸಿಗಳನ್ನು ನೆಡಿಸಿದೆನು. ಬರಡಿಗೆ ಜೀವ ಕೊಡುತ್ತಿದ್ದೇವೆಂದು ಮಕ್ಕಳಿಗೆ ಉಪದೇಶವನ್ನೂ ಮಾಡಿದೆನು. ಹಲವು ವರ್ಷಗಳ ಮೇಲೆ ಮತ್ತೆ ಅಲ್ಲಿಗೆ ಹೋದಾಗ ಮರಗಳು ಸೊಂಪಾಗಿ ಬೆಳೆದಿದ್ದವು. ಆದರೆ ನೆಲದ ಮೇಲೆ ಬೇಗನೆ ಕೊಳೆಯದ ತರಗೆಲೆಯ ದಪ್ಪ ಹಾಸು, ಬಿಸಿಲಿಲ್ಲ, ಕುಳಿಯಲ್ಲಿ ನಿಂತ ನೀರಿಲ್ಲ, ಒಂದು ಹೂವೂ ಇಲ್ಲ. ಆಸ್ಟ್ರೇಲಿಯದ ಕಡೆಯಿಂದ ಬಂದ ಮರಕ್ಕೆ ಎಡೆ ಮಾಡಿ, ತಲೆತಲಾಂತರದಿಂದ ಅಲ್ಲಿದ್ದವರನ್ನು ಒಕ್ಕಲೆಬ್ಬಿಸಿದ್ದೆನು. ನನ್ನಲ್ಲಿ ದುರಾಸೆಯಿರಲಿಲ್ಲ, ಕ್ರೌರ್ಯವಿರಲಿಲ್ಲ, ಅರಿವೂ ಇರಲಿಲ್ಲ. ಅರಿವು ಆಚಾರಗಳೆರಡೂ ಒಂದಾಗಿರಬೇಕೆಂದು ಶರಣರು ಏಕೆ ಒತ್ತಿ ಹೇಳಿದರೆಂಬುದು ನನಗೆ ಅಂದು ತಿಳಿಯಿತು.

ಆ ಕಲ್ಲಿನ ಹೆಸರೇ ನಮ್ಮ ಕುರುಡನ್ನು ತೋರಿಸುತ್ತದೆ. 1801ರಲ್ಲಿ ಈ ಕರಾವಳಿಯಲ್ಲಿ ಸಂಚರಿಸಿದ ಬುಕಾನನನು 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಮಲಬಾರಿನ ಇಂತಹುದೇ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟನು; ಲ್ಯಾಟಿನಿನಲ್ಲಿ ಅದರ ಮೂಲಪದಕ್ಕೆ ಇಟ್ಟಿಗೆಯೆಂದೇ ಅರ್ಥ. ನಾವೂ ಅದನ್ನು ಜಂಬಿಟ್ಟಿಗೆಯೆಂದೆವು. ಎರಡು ನಾಡಿನವರೂ ಅದರಲ್ಲಿ ಕಂಡುದು ತಮ್ಮ ಮನೆಯ ಗೋಡೆಯನ್ನೇ.

ಇಲ್ಲಿ ಒಂದು ಆಕ್ಷೇಪವು ಏಳುವುದು ಸಹಜ. ಮಿರ್ಜಾನದ ಕೋಟೆಯೂ ಈ ಕಲ್ಲಿನದೇ, ಬಡವನ ಗುಡಿಸಲ ಗೋಡೆಯೂ ಈ ಕಲ್ಲಿನದೇ. ಚಿರೆಕಲ್ಲು ಕಡಿಯುವುದು ಎಷ್ಟೋ ಮಂದಿಯ ಕಾಯಕ. ಒಂದು ಸಣ್ಣ ಹೂವಿಗಾಗಿ ಅವರ ಅನ್ನವನ್ನು ಕಿತ್ತುಕೊಳ್ಳಬೇಕೆ? ಖಂಡಿತ ಬೇಡ. ಆದರೆ ಕೊಯ್ದ ಹೂ ಬರುವ ವರ್ಷ ಮತ್ತೆ ಅರಳೀತು. ಕಡಿದು ಸಾಗಿಸಿದ ಗುಡ್ಡದ ನೆತ್ತಿಯು ಹತ್ತು ತಲೆಮಾರು ಕಾದರೂ ಮರಳಿ ಬಾರದು. ಮರಳಿ ಬರುವುದನ್ನು ಬಳಸುವಾಗ ಇರುವ ಸ್ವಾತಂತ್ರ್ಯವು ಮರಳಿ ಬಾರದುದನ್ನು ಬಳಸುವಾಗ ಇರದು. ಕಾಯಕಕ್ಕೆ ಮಿತಿಯುಂಟು, ಬೇಕಾದಷ್ಟನ್ನು ಕಡಿದು, ಕೆಲವು ನೆತ್ತಿಗಳನ್ನಾದರೂ ಮುಟ್ಟದೆ ಬಿಡುವುದು ಆ ಮಿತಿಗೆ ಸೇರಿದುದು.

ಈ ಹೂಗಳಿಂದ ಮನುಷ್ಯನಿಗೇನು ಲಾಭವೆಂದು ಕೇಳುವವರಿಗೂ ಉತ್ತರವುಂಟು. ರಂಧ್ರಮಯವಾದ ಆ ಕಲ್ಲಿನೊಳಗೆ ಇಳಿದ ಮಳೆನೀರೇ ತಗ್ಗಿನ ಬಾವಿಗಳಿಗೆ ಒರತೆಯಾಗುತ್ತದೆ. ಆದರೆ ಲಾಭವನ್ನು ತೋರಿಸಿದ ಮೇಲೆಯೇ ಹುಟ್ಟುವ ದಯೆಯು ವ್ಯಾಪಾರವಲ್ಲದೆ ಮತ್ತೇನು? ಮಣಿಯಷ್ಟು ಸಣ್ಣದಾದ ಆ ಹೂವನ್ನು ಯಾರೂ ಪೂಜೆಗೆ ಎತ್ತರು, ಮಾಲೆಗೆ ಪೋಣಿಸರು. ಯಾರ ಬುಟ್ಟಿಗೂ ಬಾರದೆ ನಿಂತಲ್ಲಿಯೇ ಅದು ಶಿವನಿಗೆ ಅರ್ಪಿತವಾಗಿದೆಯೆಂದು ಭಾವಿಸಲು ನಮಗೆ ಅಡ್ಡಿಯೇನು?

ಸಾತಾರೆಯ ಬಳಿ ಸುಮಾರು 1,200 ಮೀಟರ್ ಎತ್ತರದಲ್ಲಿ ಇಂತಹುದೇ ಹೂಗಳ ಕಾಸ್ ಪ್ರಸ್ಥಭೂಮಿಯಿದೆ. 2012ರಲ್ಲಿ ಪಶ್ಚಿಮಘಟ್ಟದ 39 ತಾಣಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗ ಅದೂ ಸೇರಿತು. ನಮ್ಮ ಈ ಮೂರು ತಾಲ್ಲೂಕುಗಳ ಗುಡ್ಡಗಳು ಆ ಪಟ್ಟಿಯಲ್ಲಿಲ್ಲ. ಆದರೆ 2002ರ ಜೀವವೈವಿಧ್ಯ ಕಾಯಿದೆಯಂತೆ ಪಂಚಾಯತಿಯಲ್ಲಿಯೇ ಜೀವವೈವಿಧ್ಯ ಸಮಿತಿಯಿರಬೇಕು, ಊರಿನ ಸಸ್ಯಪ್ರಾಣಿಗಳ ದಾಖಲೆಯ ಪುಸ್ತಕವಿರಬೇಕು. ಆ ಪುಸ್ತಕದಲ್ಲಿ ನಿಮ್ಮೂರ ಬೋಳುಗುಡ್ಡದ ಹೂಗಳನ್ನು ಬರೆಯಿಸಿರಿ. ಸಸಿ ನೆಡುವ ಪುಣ್ಯವನ್ನು ಮನೆಯ ಹಿತ್ತಿಲಲ್ಲಿ, ದಾರಿಯ ಬದಿಯಲ್ಲಿ ಗಳಿಸಿರಿ.

ನಾನೀಗ ಶ್ರಾವಣ ಕಳೆದ ಮೇಲೆ ಮಕ್ಕಳನ್ನು ಗುಡ್ಡಕ್ಕೆ ಕರೆದೊಯ್ಯುತ್ತೇನೆ. ಅವರ ಕೈಯಲ್ಲಿ ಗುದ್ದಲಿಯಿರುವುದಿಲ್ಲ. ಮೊಣಕಾಲೂರಿ ಬಗ್ಗಿ ನೋಡಿದಲ್ಲದೆ ಆ ಹೂ ಕಾಣಿಸದು. ಆದುದರಿಂದ ಮೊದಲು ಬಗ್ಗುವುದನ್ನು ಕಲಿಸುತ್ತೇನೆ.